ಪರಸ್ಪರ ವಿಶ್ವಾಸ ಮತ್ತು ಸಮಷ್ಟಿ ನಾಯಕತ್ವ

(ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಕಾರ್ಯಕರ್ತರ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಈ ವೇದಿಕೆಯಿಂದ ಎರಡು ದಿನಗಳಿಂದಲೂ ವಿದ್ವಾಂಸರು ಶಾಸ್ತ್ರವಿಷಯಗಳನ್ನು ಬಹು ಮನೋಜ್ಞವಾಗಿ ನಿರೂಪಿಸುತ್ತ ಬಂದಿದ್ದಾರೆ. ಆ ವಿಷಯಗಳಲ್ಲಿ ಮಾತನಾಡುವ ಅರ್ಹತೆ ನನಗಿಲ್ಲ. ನನ್ನ ಆಯುಷ್ಯದ ಬಹುಭಾಗ ಸಹಕಾರ ಕ್ಷೇತ್ರದಲ್ಲಿ ಕಳೆದಿದೆ. ಅದನ್ನು ಬಲ್ಲ ಕಾರ್ಯದರ್ಶಿಗಳು, ‘ಒಂದು ಸಂಸ್ಥೆಯ ಹೊಣೆ ಹೊತ್ತ ನಾಲ್ಕಾರು ಮಂದಿ ಒಬ್ಬರನ್ನೊಬ್ಬರು ನಂಬಿ ಕೂಡಿ ದುಡಿಯುವುದು ಹೇಗೆ ಎಂಬ ಬಗ್ಗೆ ನಾಲ್ಕು ಮಾತು ಹೇಳಬೇಕು’ ಎಂದು ಕೇಳಿದರು. ಇದು ಲೌಕಿಕವಾದ ವಿಷಯ. ಆದರೆ ಲೌಕಿಕ ವ್ಯವಸ್ಥೆ ಸರಿಯಿಲ್ಲದಿದ್ದರೆ ಎಂತಹ ಸತ್ಕಾರ್ಯವೂ ನಿಲ್ಲಲಾರದು ಎಂಬುದನ್ನು ಇಲ್ಲಿ ನೆರೆದಿರುವ ಹಿರಿಯರಿಗೆ ಹೇಳಬೇಕಾಗಿಲ್ಲ.

ಕಟ್ಟಡದ ಕೆಲಸ ನಡೆಯುತ್ತಿರುವಾಗ ಸಮಿತಿಯವರಲ್ಲಿ ಐಕಮತ್ಯವಿರುವುದು ಸಹಜ. ಮುಹೂರ್ತದ ದಿನ ಹತ್ತಿರವಾಗುತ್ತಿರುತ್ತದೆ. ಶಿಲ್ಪಿಗಳು ಬರಬೇಕು, ಹಣ ಒದಗಬೇಕು, ಊಟೋಪಚಾರದ ವ್ಯವಸ್ಥೆಯಾಗಬೇಕು. ಆ ಅವಸರದಲ್ಲಿ ಮನಸ್ತಾಪಗಳಿಗೆ ಎಡೆಯಿರುವುದಿಲ್ಲ. ಚಪ್ಪರ ಬಿಚ್ಚಿದ ಮೇಲೆ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಲೆಕ್ಕಪತ್ರ ಒಪ್ಪಿಸಬೇಕು, ನಿತ್ಯದ ನಿರ್ವಹಣೆ ನಡೆಯಬೇಕು, ವಿದ್ಯಾರ್ಥಿನಿಲಯವೋ ಶಾಲೆಯೋ ಇದ್ದರೆ ಅದರ ಆಡಳಿತ ನೋಡಬೇಕು. ಅದುವರೆಗೆ ಅದುಮಿಟ್ಟಿದ್ದ ಮಾತುಗಳೆಲ್ಲ ಆಗ ಹೊರಬರತೊಡಗುತ್ತವೆ. ಒಳ್ಳೆಯ ಸಂಸ್ಥೆಗಳು ಹೊರಗಿನವರ ವಿರೋಧದಿಂದ ಅಳಿದುದನ್ನು ನಾನು ಕಂಡದ್ದು ಕಡಿಮೆ. ಮೇಲಿನ ಸ್ಥಾನಗಳಲ್ಲಿದ್ದ ನಾಲ್ಕೈದು ಜನ ಒಬ್ಬರನ್ನೊಬ್ಬರು ನಂಬದೆ ಹೋದುದರಿಂದ ಅಳಿದುದನ್ನು ಮಾತ್ರ ಅನೇಕ ಬಾರಿ ಕಂಡಿದ್ದೇನೆ.

ಒಂದು ನಿದರ್ಶನ ಹೇಳುತ್ತೇನೆ. ಊರಿನ ಹೆಸರು ಬೇಡ. ಅಲ್ಲಿನ ಸಂಘವೊಂದರ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮೂವರೂ ಸಜ್ಜನರು, ಬಾಲ್ಯ ಸ್ನೇಹಿತರು. ಸ್ನೇಹದ ಭರವಸೆಯ ಮೇಲೆ ಮೂರು ವರ್ಷ ಲೆಕ್ಕವನ್ನು ಸಭೆಯ ಮುಂದೆ ಓದಲೇ ಇಲ್ಲ. ‘ನಮ್ಮ ನಮ್ಮಲ್ಲಿ ಲೆಕ್ಕವೇಕೆ?’ ಎಂಬುದು ಅವರ ಮಾತಾಗಿತ್ತು. ನಾಲ್ಕನೆಯ ವರ್ಷ ಯಾರೋ ಒಬ್ಬರು ಒಂದು ಪ್ರಶ್ನೆ ಎತ್ತಿದರು. ಪರಿಶೀಲಿಸಿ ನೋಡಿದಾಗ ಒಂದು ರೂಪಾಯಿಯೂ ದುರುಪಯೋಗವಾಗಿರಲಿಲ್ಲ. ಆದರೆ ಅಷ್ಟರಲ್ಲಿ ಊರು ಎರಡು ಪಕ್ಷವಾಗಿತ್ತು. ಆ ಮೂವರು ಅನಂತರ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಲಿಲ್ಲ. ಅವರಲ್ಲಿ ಪ್ರಾಮಾಣಿಕತೆಗೂ ಪ್ರೀತಿಗೂ ಕೊರತೆಯಿರಲಿಲ್ಲ. ಆ ಪ್ರಾಮಾಣಿಕತೆ ಎಲ್ಲರ ಕಣ್ಣಿಗೆ ಬೀಳುವಂತಹ ಏರ್ಪಾಡು ಮಾತ್ರ ಇರಲಿಲ್ಲ. ವಿಶ್ವಾಸವೆಂಬುದು ಕೇವಲ ಮನಸ್ಸಿನ ಭಾವನೆಯಲ್ಲ, ದಿನನಿತ್ಯದ ನಡವಳಿಕೆಯಿಂದ ಸಂಪಾದಿಸಿಕೊಳ್ಳಬೇಕಾದ ವಸ್ತು ಎಂಬುದೇ ಇಂದು ನಾನು ನಿಮ್ಮ ಮುಂದಿಡಬೇಕೆಂದಿರುವ ವಿಚಾರ.

ಈ ವಿಚಾರಕ್ಕೆ ಆಧಾರವಾಗಿ ನಮ್ಮ ದೇಶದ್ದೇ ಆದ, ನಾನು ಬಹುಕಾಲ ಅಭ್ಯಾಸ ಮಾಡಿರುವ ಒಂದು ಇತಿಹಾಸವನ್ನು ಆರಿಸಿಕೊಂಡಿದ್ದೇನೆ. ಅದು ಗುಜರಾತಿನ ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಒಕ್ಕೂಟದ ಕಥೆ. ‘ಅಮುಲ್’ ಎಂಬ ಹೆಸರಿನಿಂದ ಅದು ಮನೆಮನೆಗೂ ಪರಿಚಿತ. ಅದರ ಬೆಣ್ಣೆಯನ್ನು ಎಲ್ಲರೂ ಬಲ್ಲರು. ಅದನ್ನು ಕಟ್ಟಿದ ಮೂವರ ಪರಸ್ಪರ ಸಂಬಂಧ ಎಂತಹದಾಗಿತ್ತೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಎರಡನೆಯ ಮಹಾಯುದ್ಧದ ಕೊನೆಯ ವೇಳೆಗೆ, 1945ರಲ್ಲಿ, ಮುಂಬಯಿ ನಗರಕ್ಕೆ ಹಾಲು ಒದಗಿಸುವ ಸರ್ಕಾರಿ ಯೋಜನೆಯೊಂದು ಆರಂಭವಾಯಿತು. ಖೇಡಾ ಜಿಲ್ಲೆಯಿಂದ ಹಾಲು ಕೊಂಡು ಕಳುಹಿಸುವ ಅವಕಾಶವೆಲ್ಲ ಆನಂದ್ ಪಟ್ಟಣದಲ್ಲಿದ್ದ ಪೋಲ್ಸನ್ ಎಂಬ ಖಾಸಗಿ ಡೇರಿಯ ಪಾಲಾಯಿತು. ನಗರದಲ್ಲಿ ಹಾಲಿಗೆ ಒಳ್ಳೆಯ ಬೆಲೆ. ಎಮ್ಮೆ ಸಾಕಿದವನಿಗೆ ಮಾತ್ರ ಮಧ್ಯವರ್ತಿ ಹೇಳಿದ್ದೇ ಬೆಲೆ. ರೈತರು ಸರ್ದಾರ್ ವಲ್ಲಭಭಾಯಿ ಪಟೇಲರ ಬಳಿಗೆ ಹೋದರು. ಸರ್ದಾರರು ಅವರಿಗೆ ತಮ್ಮದೇ ಸಹಕಾರ ಸಂಘ ಕಟ್ಟಿಕೊಳ್ಳುವಂತೆ ಸಲಹೆಯಿತ್ತು, ಮೊರಾರ್ಜಿ ದೇಸಾಯಿಯವರನ್ನು ಕಳುಹಿಸಿಕೊಟ್ಟರು. 1946ರ ಜನವರಿ 4ರಂದು ಸಮರಖಾ ಗ್ರಾಮದಲ್ಲಿ ಸಭೆ ಸೇರಿತು. ಅನಂತರ ಹದಿನೈದು ದಿನ ಖೇಡಾದ ರೈತರು ವರ್ತಕರಿಗೆ ಹಾಲು ಹಾಕಲಿಲ್ಲ. ಮುಂಬಯಿಗೆ ಹಾಲು ನಿಂತಿತು, ಸರ್ಕಾರ ಮಣಿಯಿತು. ಅದೇ ವರ್ಷ ಡಿಸೆಂಬರ್ 14ರಂದು ಒಕ್ಕೂಟ ನೋಂದಣಿಯಾಯಿತು. 1948ರಲ್ಲಿ ಕೆಲಸ ಆರಂಭಿಸಿದಾಗ ಅದಕ್ಕಿದ್ದುದು ಎರಡು ಗ್ರಾಮ ಸಂಘಗಳು, ದಿನಕ್ಕೆ ಸುಮಾರು 250 ಲೀಟರು ಹಾಲು.

ಈ ಒಕ್ಕೂಟದ ಅಧ್ಯಕ್ಷರಾಗಿದ್ದವರು ಶ್ರೀ ತ್ರಿಭುವನದಾಸ್ ಪಟೇಲರು. ಅವರು ಗಾಂಧೀಜಿಯವರ ಅನುಯಾಯಿ, ಖಾದಿಧಾರಿ, ಸ್ವಾತಂತ್ರ್ಯ ಸಮರದಲ್ಲಿ ಸೆರೆಮನೆ ಕಂಡವರು. ಹಳ್ಳಿಯಿಂದ ಹಳ್ಳಿಗೆ ನಡೆದು ರೈತರನ್ನು ಒಗ್ಗೂಡಿಸಿದವರು. ಜನರ ಮನಸ್ಸನ್ನು ಬಲ್ಲ ಅವರಿಗೆ ಯಂತ್ರಗಳ ವಿಷಯ ತಿಳಿಯದು. ಒಕ್ಕೂಟವು ಆನಂದಿನ ಸರ್ಕಾರಿ ಕ್ರೀಮರಿಯ ಒಂದು ಭಾಗವನ್ನು ಬಾಡಿಗೆಗೆ ಪಡೆದು, ಅಲ್ಲಿದ್ದ ಹಳೆಯ ಯಂತ್ರಗಳಿಂದಲೇ ಕೆಲಸ ಸಾಗಿಸುತ್ತಿತ್ತು. ಯಂತ್ರಗಳು ಪದೇ ಪದೇ ಕೆಡುತ್ತಿದ್ದವು.

ಆ ಕ್ರೀಮರಿಗೆ 1949ರ ಮೇ 13ರಂದು ಇಪ್ಪತ್ತೇಳರ ಪ್ರಾಯದ ಒಬ್ಬ ಇಂಜಿನಿಯರು ಬಂದರು. ಅವರೇ ಕೇರಳದ ವರ್ಗೀಸ್ ಕುರಿಯನ್. ಸರ್ಕಾರಿ ವಿದ್ಯಾರ್ಥಿವೇತನದಿಂದ ಅಮೆರಿಕದಲ್ಲಿ ಓದಿ ಬಂದಿದ್ದ ಅವರು ಕರಾರಿಗೆ ಕಟ್ಟುಬಿದ್ದು, ಒಲ್ಲದ ಮನಸ್ಸಿನಿಂದ ಆ ಸಣ್ಣ ಊರಿಗೆ ಬಂದಿದ್ದರು. ಅವರದು ಬೇರೆ ಭಾಷೆ, ಬೇರೆ ಮತ, ಬೇರೆ ಆಹಾರಪದ್ಧತಿ, ಜೊತೆಗೆ ಅವಿವಾಹಿತರು. ಸಸ್ಯಾಹಾರಿಗಳ ಆ ಊರಿನಲ್ಲಿ ಅವರಿಗೆ ಬಾಡಿಗೆ ಮನೆ ಸಿಗಲಿಲ್ಲ. ಒಂದು ಮೋಟಾರು ಶೆಡ್ಡಿನಲ್ಲಿ ವಾಸಿಸಬೇಕಾಯಿತು. ಒಕ್ಕೂಟದ ಯಂತ್ರ ಕೆಟ್ಟಾಗಲೆಲ್ಲ ತ್ರಿಭುವನದಾಸರು ಅವರ ನೆರವು ಬೇಡುತ್ತಿದ್ದರು. ಅವರು ಬಂದು ಸರಿಪಡಿಸುತ್ತಿದ್ದರು. ಕೊನೆಗೊಮ್ಮೆ, ‘ಇದನ್ನು ರಿಪೇರಿ ಮಾಡಿ ಪ್ರಯೋಜನವಿಲ್ಲ, ಹೊಸದನ್ನೇ ಕೊಳ್ಳಿರಿ’ ಎಂದು ಖಂಡಿತವಾಗಿ ತಿಳಿಸಿದರು.

ಮಹನೀಯರೇ, ಇಲ್ಲಿ ಸ್ವಲ್ಪ ನಿಂತು ಆಲೋಚಿಸಬೇಕು. ತ್ರಿಭುವನದಾಸರಿಗೆ ಆ ಮಾತು ಸರಿಯೋ ತಪ್ಪೋ ಎಂದು ಪರೀಕ್ಷಿಸುವ ತಾಂತ್ರಿಕ ಜ್ಞಾನವಿರಲಿಲ್ಲ. ಒಕ್ಕೂಟ ಬಡವಾಗಿತ್ತು. ಹೇಳಿದವನು ಒಕ್ಕೂಟದ ನೌಕರನೂ ಅಲ್ಲ, ಇಂದೋ ನಾಳೆಯೋ ಊರು ಬಿಡಲು ಕಾಯುತ್ತಿದ್ದ ತರುಣ. ಆದರೂ ಅವರು ಆ ಸಲಹೆಯನ್ನು ಸ್ವೀಕರಿಸಿ ಹಣ ಹೊಂದಿಸಿ ಹೊಸ ಯಂತ್ರ ತರಿಸಿದರು. ಕಾರಣ ಸ್ಪಷ್ಟವಾಗಿದೆ. ಆ ತರುಣ ಸ್ವಂತ ಲಾಭದ ಗೋಜಿಲ್ಲದೆ, ಕರೆದಾಗಲೆಲ್ಲ ಬಂದು ದುಡಿದುದನ್ನು ಅವರು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದರು. ಮಾತಿಗೆ ಮೊದಲೇ ಕೆಲಸ ಸಾಕ್ಷಿ ನುಡಿದಿತ್ತು. ಕುರಿಯನ್ನರು ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೊರಟು ನಿಂತಾಗ, ಹೊಸ ಯಂತ್ರ ಕೂಡಿಸುವವರೆಗಾದರೂ ಇರಬೇಕೆಂದು ತ್ರಿಭುವನದಾಸರು ಕೇಳಿಕೊಂಡರು. ಹಾಗೆ ಸ್ವಲ್ಪ ದಿನಕ್ಕೆಂದು ನಿಂತ ಕುರಿಯನ್ನರು 1950ರಲ್ಲಿ ಒಕ್ಕೂಟದ ವ್ಯವಸ್ಥಾಪಕರಾದರು. 2012ರ ಸೆಪ್ಟೆಂಬರ್ 9ರಂದು ತೀರಿಕೊಳ್ಳುವವರೆಗೂ ಅವರ ಮನೆ ಆನಂದಿನಲ್ಲಿಯೇ ಇದ್ದಿತು.

ಮೂರನೆಯವರು ಶ್ರೀ ಹರಿಚಂದ ಮೇಘಾ ದಲಾಯ. ಅವರು ಉತ್ತರ ಭಾರತದವರು. ಹೈನು ತಂತ್ರಜ್ಞಾನವನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದವರು. ಅಮೆರಿಕದಲ್ಲಿ ಓದುವಾಗ ಕುರಿಯನ್ನರಿಗೆ ಸ್ನೇಹಿತರಾದವರು. ಹಾಲಿನ ತಾಂತ್ರಿಕ ವಿಷಯದಲ್ಲಿ ತನಗಿಂತ ಬಲ್ಲವರು ಬೇಕೆಂಬುದನ್ನು ಅರಿತು ಕುರಿಯನ್ನರೇ ಅವರನ್ನು ಆನಂದಿಗೆ ಕರೆತಂದರು. ತನಗಿಂತ ಬಲ್ಲವನನ್ನು ತಾನೇ ಕರೆತಂದು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಎಲ್ಲ ನಾಯಕರಿಗೂ ಸಾಧ್ಯವಾಗುವ ಕೆಲಸವಲ್ಲ.

ಈ ಮೂವರ ಪರೀಕ್ಷೆಯ ಕಾಲ ಬೇಗನೆ ಬಂದಿತು. ಚಳಿಗಾಲದಲ್ಲಿ ಎಮ್ಮೆಗಳು ಬೇಸಗೆಗಿಂತ ಬಹಳ ಹೆಚ್ಚು ಹಾಲು ಕೊಡುತ್ತವೆ. ಮುಂಬಯಿಗೆ ವರ್ಷವಿಡೀ ಬೇಕಾದದ್ದು ಹೆಚ್ಚು ಕಡಿಮೆ ಒಂದೇ ಪ್ರಮಾಣದ ಹಾಲು. ಚಳಿಗಾಲದಲ್ಲಿ ಮಿಕ್ಕ ಹಾಲನ್ನು ಸಂಘ ಬೇಡವೆಂದರೆ ರೈತ ಮತ್ತೆ ಖಾಸಗಿ ವರ್ತಕನ ಬಾಗಿಲಿಗೆ ಹೋಗಬೇಕು. ಆಗ ಸಂಘವೇ ಉಳಿಯದು. ಹಾಲನ್ನು ಪುಡಿ ಮಾಡಿಡುವುದೊಂದೇ ದಾರಿ. ಆದರೆ ಪಾಶ್ಚಾತ್ಯ ದೇಶಗಳಲ್ಲಿ ಪುಡಿ ಮಾಡುತ್ತಿದ್ದುದು ಹಸುವಿನ ಹಾಲನ್ನು. ಜಿಡ್ಡಿನ ಅಂಶ ಹೆಚ್ಚಾಗಿರುವ ಎಮ್ಮೆಯ ಹಾಲಿನಿಂದ ಅದು ಆಗದೆಂಬುದು ಅಲ್ಲಿನ ತಜ್ಞರ ಅಭಿಪ್ರಾಯವಾಗಿತ್ತು. ದಲಾಯರು ಆಗುತ್ತದೆಂದರು, ಪ್ರಯೋಗ ಮಾಡಿ ತೋರಿಸಿದರು.

ಆಗ ಕುರಿಯನ್ನರು ದಲಾಯರ ಮಾತನ್ನು ನಂಬಿ ಯೋಜನೆ ಸಿದ್ಧಪಡಿಸಿದರು. ಕುರಿಯನ್ನರ ಮಾತನ್ನು ನಂಬಿ ತ್ರಿಭುವನದಾಸರು ಅದನ್ನು ಆಡಳಿತ ಮಂಡಳಿಯ ಮುಂದಿಟ್ಟರು. ತ್ರಿಭುವನದಾಸರನ್ನು ನಂಬಿ ರೈತ ಪ್ರತಿನಿಧಿಗಳು ಒಪ್ಪಿದರು. ಯುನಿಸೆಫ್ ಸಂಸ್ಥೆ ಯಂತ್ರೋಪಕರಣಗಳನ್ನು ಒದಗಿಸಿತು. 1954ರ ನವೆಂಬರ್ 15ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಅಡಿಗಲ್ಲು ಹಾಕಿದರು. ಒಂದು ವರ್ಷ ತುಂಬುವ ಮೊದಲೇ, 1955ರ ಅಕ್ಟೋಬರ್ 31ರಂದು, ಪ್ರಧಾನಿ ಜವಾಹರಲಾಲ್ ನೆಹರೂ ಅವರು ಕಾರ್ಖಾನೆಯನ್ನು ಉದ್ಘಾಟಿಸಿದರು. ಎಮ್ಮೆಯ ಹಾಲಿನಿಂದ ಪುಡಿ ತಯಾರಿಸುವ ಪ್ರಪಂಚದ ಮೊದಲ ಕಾರ್ಖಾನೆ ಅದು. ಮುಂದೆ ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ರೂಪಿಸಿ ಈ ಒಕ್ಕೂಟಕ್ಕೆ ನೆರವಾದದ್ದು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಎಂಬುದು ನಮಗೆ ಹೆಮ್ಮೆಯ ವಿಷಯ.

ಇಷ್ಟು ಇತಿಹಾಸ ಹೇಳಿದ ಮೇಲೆ, ಇಂತಹ ವಿಶ್ವಾಸ ಉಂಟಾದದ್ದು ಯಾವ ಕಾರಣಗಳಿಂದ ಎಂಬುದನ್ನು ವಿಚಾರ ಮಾಡೋಣ. ನನಗೆ ಮುಖ್ಯವಾಗಿ ನಾಲ್ಕು ಕಾರಣಗಳು ತೋರುತ್ತವೆ.

ಮೊದಲನೆಯದು, ಎಲ್ಲರೆದುರಿನ ಅಳತೆ. ಖೇಡಾದ ಗ್ರಾಮ ಸಂಘಗಳಲ್ಲಿ ಮೇಲು ಕೀಳೆನ್ನದೆ ಯಾರು ಮೊದಲು ಬಂದರೋ ಅವರು ಸಾಲಿನಲ್ಲಿ ಮುಂದೆ. ಪ್ರತಿಯೊಬ್ಬರ ಹಾಲನ್ನೂ ಅವರ ಕಣ್ಣೆದುರೇ ಅಳೆದು, ಜಿಡ್ಡಿನ ಅಂಶ ಪರೀಕ್ಷಿಸಿ, ಅದಕ್ಕೆ ತಕ್ಕ ಬೆಲೆ ಕೊಡುತ್ತಿದ್ದರು. ಬೆಳಗಿನ ಹಾಲಿನ ಹಣ ಸಂಜೆಗೆ. ಸಂಜೆಯ ಹಾಲಿನ ಹಣ ಮರುದಿನ ಬೆಳಗ್ಗೆಗೆ. ಸಂಘದ ಅಧ್ಯಕ್ಷನ ಎಮ್ಮೆಯ ಹಾಲಿಗೂ ಅದೇ ಪರೀಕ್ಷೆ. 1974ರಿಂದ ನಮ್ಮ ರಾಜ್ಯದಲ್ಲಿ ಇದೇ ಆನಂದ್ ಮಾದರಿಯಲ್ಲಿ ಹಾಲಿನ ಸಂಘಗಳು ಬೆಳೆದುವು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ರೂಪುಗೊಂಡಿತು. ಆದುದರಿಂದ ಹಳ್ಳಿಯಿಂದ ಬಂದಿರುವ ಸೋದರಿಯರಿಗೆ ನಾನು ಹೇಳುವುದು ಹೊಸದಲ್ಲ. ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರಿಗೆ, ಪರೀಕ್ಷೆ ಮರೆಯಲ್ಲಿ ನಡೆದ ದಿನವೇ ಅನುಮಾನ ಹುಟ್ಟುತ್ತದೆಂಬುದು ಚೆನ್ನಾಗಿ ಗೊತ್ತು. ಪರೀಕ್ಷೆ ಮಾಡುವುದು ಅಪನಂಬಿಕೆಯ ಲಕ್ಷಣವೆಂದು ಕೆಲವರು ತಿಳಿಯುತ್ತಾರೆ. ಪ್ರಾಮಾಣಿಕನಾದವನಿಗೆ ಎಲ್ಲರೆದುರಿನ ಪರೀಕ್ಷೆಗಿಂತ ದೊಡ್ಡ ರಕ್ಷಣೆ ಇನ್ನೊಂದಿಲ್ಲ.

ಎರಡನೆಯದು, ಹೊಣೆಯ ಸ್ಪಷ್ಟ ವಿಂಗಡಣೆ. ರೈತರನ್ನು ಒಗ್ಗೂಡಿಸುವುದು, ರಾಜಕೀಯದ ಒತ್ತಡಗಳು ಒಕ್ಕೂಟದೊಳಕ್ಕೆ ನುಗ್ಗದಂತೆ ತಡೆಯುವುದು ಅಧ್ಯಕ್ಷರ ಕೆಲಸ. ಆಡಳಿತ, ಮಾರಾಟ, ಸರ್ಕಾರದೊಡನೆ ವ್ಯವಹಾರ ವ್ಯವಸ್ಥಾಪಕರ ಕೆಲಸ. ಯಂತ್ರ ಮತ್ತು ತಯಾರಿಕೆ ದಲಾಯರ ಕೆಲಸ. ತ್ರಿಭುವನದಾಸರು ಕಾಂಗ್ರೆಸ್ಸಿನ ಗಣ್ಯ ನಾಯಕರು, ಮುಂದೆ ರಾಜ್ಯಸಭೆಯ ಸದಸ್ಯರೂ ಆದವರು. ಮನಸ್ಸು ಮಾಡಿದ್ದರೆ ದಿನನಿತ್ಯದ ಆಡಳಿತದಲ್ಲಿ ಕೈಹಾಕುವುದು ಅವರಿಗೆ ಕಷ್ಟವಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಕುರಿಯನ್ನರಾದರೋ ಎಷ್ಟೇ ಖ್ಯಾತಿ ಬಂದರೂ ತಾವು ರೈತರ ನೌಕರರೆಂದೇ ಹೇಳಿಕೊಳ್ಳುತ್ತಿದ್ದರು. ನಮ್ಮ ಸಂಸ್ಥೆಗಳಲ್ಲಿ ಆಗುವುದೇನು? ಅಡಿಗೆಯವರನ್ನು ಗೊತ್ತುಮಾಡುವ ಹೊಣೆ ಒಬ್ಬರಿಗೆ ಕೊಟ್ಟು, ಇನ್ನೊಬ್ಬರು ಅವರಿಗೆ ತಿಳಿಸದೆ ಬೇರೊಬ್ಬರಿಗೆ ಮುಂಗಡ ಕೊಟ್ಟು ಬರುತ್ತಾರೆ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಹೊಣೆ ಹೊತ್ತವನ ಮನಸ್ಸಿನಲ್ಲಿ, ‘ನನ್ನನ್ನು ಇವರು ನಂಬಲಿಲ್ಲ’ ಎಂಬ ಮುಳ್ಳು ಉಳಿದುಬಿಡುತ್ತದೆ.

ಮೂರನೆಯದು, ಭಿನ್ನಾಭಿಪ್ರಾಯಕ್ಕೆ ಗೌರವ. ಮೂವರ ಸ್ವಭಾವ ಒಂದೇ ಆಗಿರಲಿಲ್ಲ. ತ್ರಿಭುವನದಾಸರು ಮೃದುಭಾಷಿ, ಕುರಿಯನ್ನರು ಮಂತ್ರಿಗಳೆದುರಿನಲ್ಲಿಯೂ ನಿಷ್ಠುರವಾಗಿ ನುಡಿಯುವವರು, ದಲಾಯರು ತಮ್ಮ ಕಾರ್ಖಾನೆಯಾಯಿತು, ತಾವಾಯಿತು ಎಂಬಂತಹವರು. ಎಲ್ಲರೂ ಒಂದೇ ರೀತಿ ಆಲೋಚಿಸುವುದು ಐಕಮತ್ಯವಲ್ಲ. ‘ಹಳೆಯ ಯಂತ್ರ ಉಪಯೋಗಕ್ಕೆ ಬಾರದು’ ಎಂಬ ಕಹಿಮಾತನ್ನು ಹೇಳುವವನೂ ಬೇಕು, ಅದನ್ನು ಅವಮಾನವೆಂದು ತಿಳಿಯದೆ ಕೇಳುವವನೂ ಬೇಕು. ಸಭೆಯಲ್ಲಿ ತುಟಿ ಬಿಚ್ಚದೆ ಕುಳಿತು, ಹೊರಗೆ ಜಗಲಿಯ ಮೇಲೆ ಮಾತನಾಡುವ ಅಭ್ಯಾಸ ಸಂಸ್ಥೆಗೆ ವಿಷಪ್ರಾಯವಾದದ್ದು. ಭಿನ್ನಮತವನ್ನು ಸಭೆಯಲ್ಲಿಯೇ ಹೇಳಬೇಕು. ಹೇಳಿದವನನ್ನು ವೈರಿಯೆಂದು ಬಗೆಯಬಾರದು. ಒಮ್ಮೆ ನಿರ್ಣಯವಾದ ಮೇಲೆ ಎಲ್ಲರೂ ಅದನ್ನು ತಮ್ಮದೆಂದು ನಡೆಸಬೇಕು.

ನಾಲ್ಕನೆಯದು, ಕೀರ್ತಿಯ ಹಂಚಿಕೆ. 1963ರಲ್ಲಿ ಸಮುದಾಯ ನಾಯಕತ್ವಕ್ಕಾಗಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಅದು ಒಬ್ಬರಿಗೆ ಬರಲಿಲ್ಲ. ತ್ರಿಭುವನದಾಸರು, ಕುರಿಯನ್ನರು ಹಾಗೂ ಮುಂಬಯಿ ಹಾಲಿನ ಯೋಜನೆಯ ಅಧಿಕಾರಿಯಾಗಿದ್ದ ದಾರಾ ಖುರೋಡಿ ಈ ಮೂವರಿಗೆ ಕೂಡಿಯೇ ಬಂದಿತು. ದಲಾಯರಿಗೆ ಅಷ್ಟು ದೊಡ್ಡ ಹೆಸರು ಬರಲಿಲ್ಲವೆಂಬುದು ನಿಜ. ಆದರೆ ಕುರಿಯನ್ನರು ತಮ್ಮ ಆತ್ಮಕಥೆಯಲ್ಲಿ ಅವರ ಪಾತ್ರವನ್ನು ಮರೆಮಾಡಲಿಲ್ಲ. ವೇದಿಕೆಯ ಮೇಲೆ ಹಾರ ಬೀಳುವಾಗ, ಕೆಳಗೆ ದುಡಿದವನ ಹೆಸರು ಹೇಳುವ ನಾಯಕನನ್ನು ಜನ ಮತ್ತೆ ನಂಬುತ್ತಾರೆ.

ಹೀಗೆ ಬೆಳೆದ ವಿಶ್ವಾಸದ ಫಲ ಒಂದು ಜಿಲ್ಲೆಗೆ ಸೀಮಿತವಾಗಲಿಲ್ಲ. 1964ರ ಅಕ್ಟೋಬರಿನಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆನಂದಿನ ಬಳಿಯ ಅಜರಪುರ ಗ್ರಾಮದಲ್ಲಿ ಒಂದು ರಾತ್ರಿ ತಂಗಿ, ರೈತರ ಮನೆಗಳಿಗೆ ಹೋಗಿ ವಿಚಾರಿಸಿದರು. ಇತರ ಡೇರಿಗಳು ಸೋತಲ್ಲಿ ಇದು ಗೆದ್ದುದಕ್ಕೆ ಕಾರಣ, ಇದರ ಒಡೆತನ ರೈತರದು, ಅಧಿಕಾರಿಗಳು ಅವರಿಗೆ ಉತ್ತರದಾಯಿಗಳು ಎಂಬುದನ್ನು ಅರಿತರು. ಅದರ ಪರಿಣಾಮವಾಗಿ 1965ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಆನಂದಿನಲ್ಲಿಯೇ ಸ್ಥಾಪಿತವಾಯಿತು. 1970ರಲ್ಲಿ ‘ಕ್ಷೀರಧಾರೆ’ ಎಂದು ನಾವು ಕರೆಯಬಹುದಾದ ‘ಆಪರೇಷನ್ ಫ್ಲಡ್’ ಯೋಜನೆ ಆರಂಭವಾಯಿತು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಅದನ್ನು ಮುಚ್ಚಿಟ್ಟರೆ ನನ್ನ ಮಾತು ಅರ್ಧವಾಗುತ್ತದೆ. ತ್ರಿಭುವನದಾಸರು 1970ರ ದಶಕದ ಆರಂಭದಲ್ಲಿ ತಾವಾಗಿಯೇ ಅಧ್ಯಕ್ಷ ಪದವಿಯನ್ನು ಬಿಟ್ಟುಕೊಟ್ಟರು. ಸದಸ್ಯರು ತಲಾ ಒಂದೊಂದು ರೂಪಾಯಿ ಕೂಡಿಸಿ ಅವರಿಗೆ ನಿಧಿ ಅರ್ಪಿಸಿದರು. ಅದನ್ನವರು ಮನೆಗೆ ಒಯ್ಯದೆ ತಾಯಂದಿರ ಮತ್ತು ಮಕ್ಕಳ ಆರೋಗ್ಯಕ್ಕಾಗಿ ಒಂದು ಪ್ರತಿಷ್ಠಾನ ಸ್ಥಾಪಿಸಲು ವಿನಿಯೋಗಿಸಿದರು. ಕುರಿಯನ್ನರ ಕೊನೆಗಾಲ ಅಷ್ಟು ಸುಖಕರವಾಗಿರಲಿಲ್ಲ. 1998ರಲ್ಲಿ ಅವರು ಮಂಡಳಿಯ ಅಧ್ಯಕ್ಷತೆಯನ್ನು ಬಿಟ್ಟ ಬಳಿಕ, ತಾವೇ ಬೆಳೆಸಿದ ಉತ್ತರಾಧಿಕಾರಿಗಳೊಡನೆ ಸಹಕಾರ ತತ್ತ್ವದ ವಿಷಯದಲ್ಲಿ ಬಹಿರಂಗ ವಿವಾದ ಬೆಳೆಯಿತು. ಗುಜರಾತಿನ ಹಾಲು ಮಾರಾಟ ಮಹಾಮಂಡಳದ ಅಧ್ಯಕ್ಷ ಸ್ಥಾನದಲ್ಲಿ ಅವರು ಅದರ ಆರಂಭದಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ಇದ್ದರು. 2006ರಲ್ಲಿ, ಸದಸ್ಯ ಒಕ್ಕೂಟಗಳ ಬೆಂಬಲ ಕುಂದಿದಾಗ, ರಾಜೀನಾಮೆ ಕೊಟ್ಟು ಹೊರಬಂದರು. ತತ್ತ್ವದಲ್ಲಿ ಯಾರದು ಸರಿ ಎಂಬ ಚರ್ಚೆ ಇಲ್ಲಿ ಬೇಡ. ನಾವು ತಿಳಿಯಬೇಕಾದದ್ದು ಇಷ್ಟೆ: ಒಂದು ತಲೆಮಾರಿನ ಮೂವರಲ್ಲಿದ್ದ ವಿಶ್ವಾಸ ಮುಂದಿನವರಿಗೆ ಆಸ್ತಿಯಂತೆ ತಾನಾಗಿ ಬರುವುದಿಲ್ಲ. ಪ್ರತಿಯೊಂದು ಮಂಡಳಿಯೂ ಅದನ್ನು ಹೊಸದಾಗಿ ಸಂಪಾದಿಸಬೇಕು. ಮಹಾಪುರುಷನಿಗೂ ಸ್ಥಾನ ಬಿಡುವ ಕಾಲವನ್ನು ಅರಿಯುವುದು ಕಷ್ಟ.

ಬಂಧುಗಳೇ, ಹಾಲಿನ ಒಕ್ಕೂಟವೇ ಬೇರೆ, ನಮ್ಮ ಸಮಿತಿಯೇ ಬೇರೆ ಎಂದು ನೀವು ಹೇಳಬಹುದು. ಗಾತ್ರದಲ್ಲಿ ಬೇರೆ ಎಂಬುದು ನಿಜ. ಆದರೆ ಪರರ ಹಣವನ್ನೂ ಪರರ ನಂಬಿಕೆಯನ್ನೂ ಕೈಯಲ್ಲಿ ಹಿಡಿದು ನಡೆಯುವ ಹೊಣೆ ಎರಡರಲ್ಲಿಯೂ ಒಂದೇ. ಆದುದರಿಂದ ಮಹೋತ್ಸವದ ಬಳಿಕ ಕೆಲಸ ಮುಂದುವರಿಸುವ ಹಿರಿಯರಲ್ಲಿಯೂ ತರುಣರಲ್ಲಿಯೂ ಕೆಲವು ವಿಜ್ಞಾಪನೆಗಳನ್ನು ಮಾಡಿಕೊಳ್ಳುತ್ತೇನೆ.

ತಿಂಗಳಿಗೊಮ್ಮೆ ಜಮಾಖರ್ಚನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿರಿ. ಯಾರೂ ಕೇಳದಿದ್ದರೂ ಓದಿರಿ. ಯಾರ ಹೊಣೆ ಯಾವುದೆಂಬುದನ್ನು ನಡವಳಿ ಪುಸ್ತಕದಲ್ಲಿ ಬರೆದಿಡಿರಿ. ಬರೆದ ಮೇಲೆ ಆ ಹೊಣೆಯಲ್ಲಿ ಇತರರು ಕೈಹಾಕದಿರಲಿ. ಒಪ್ಪದವರ ಅಭಿಪ್ರಾಯವನ್ನೂ ನಿರ್ಣಯದ ಜೊತೆಗೆ ದಾಖಲು ಮಾಡಿರಿ. ಕೆಲಸ ಕೆಟ್ಟರೆ ಅಧ್ಯಕ್ಷರು ಮುಂದೆ ನಿಂತು ಉತ್ತರ ಕೊಡಲಿ. ಕೆಲಸ ಕೈಗೂಡಿದರೆ ದುಡಿದವರನ್ನು ಮುಂದೆ ಕರೆಯಲಿ. ಪ್ರತಿ ಅವಧಿಯಲ್ಲಿಯೂ ಒಬ್ಬಿಬ್ಬರು ತರುಣರನ್ನು, ಹಾಗೆಯೇ ನಮ್ಮ ಸೋದರಿಯರನ್ನು, ಹೆಸರಿಗಲ್ಲದೆ ಹೊಣೆಗೆ ಸೇರಿಸಿಕೊಳ್ಳಿರಿ. ಖೇಡಾದಲ್ಲಿಯೂ ನಮ್ಮಲ್ಲಿಯೂ ಎಮ್ಮೆ ಹಸುಗಳನ್ನು ಸಾಕಿ ಹಾಲು ಕರೆದವರು ಬಹುಮಟ್ಟಿಗೆ ಹೆಂಗಸರು. ಆಡಳಿತ ಮಂಡಳಿಗಳಲ್ಲಿ ಅವರಿಗೆ ಸ್ಥಾನ ಸಿಕ್ಕಿದ್ದು ತಡವಾಗಿ, ಅದೂ ಸ್ವಲ್ಪವೇ. ಆ ಕೊರತೆಯನ್ನು ನಾವು ಇಲ್ಲಿ ಅನುಸರಿಸಬೇಕಾಗಿಲ್ಲ.

ಇವು ಯಾವುವೂ ಹಣ ಬೇಡುವ ಕಾರ್ಯಗಳಲ್ಲ. ಸ್ವಲ್ಪ ಸಂಕೋಚವನ್ನು ಬಿಡಬೇಕು, ಸ್ವಲ್ಪ ಅಭಿಮಾನವನ್ನು ತಗ್ಗಿಸಿಕೊಳ್ಳಬೇಕು, ಅಷ್ಟೆ. ಸ್ನೇಹಿತನಿಗೆ ಲೆಕ್ಕ ಕೇಳುವಾಗ ಆಗುವ ಸಂಕೋಚವೂ, ಲೆಕ್ಕ ಕೊಡುವಾಗ ಆಗುವ ಅಭಿಮಾನಭಂಗವೂ ಮೊದಲ ಎರಡು ಮೂರು ತಿಂಗಳು ಮಾತ್ರ ಇರುತ್ತವೆ. ಅನಂತರ ಅದು ರೂಢಿಯಾಗುತ್ತದೆ. ಆ ರೂಢಿಯಿರುವ ಕಡೆ ಒಂದು ಕೆಟ್ಟ ಮಾತು ಎದ್ದರೂ ಊರು ಎರಡಾಗುವುದಿಲ್ಲ. ಇಷ್ಟು ಜನ ಇಷ್ಟು ವರ್ಷ ಶ್ರಮಿಸಿ ಕಟ್ಟಿದ್ದನ್ನು ಮುಂದಿನ ತಲೆಮಾರಿಗೆ ಒಡಕಿಲ್ಲದೆ ಒಪ್ಪಿಸುವುದು ಆಗ ಸಾಧ್ಯವಾಗುತ್ತದೆ.